ಗಾಲಿಕುರ್ಚಿಯ ವೈದ್ಯೆ ಡಾ. ಮೇರಿ ವರ್ಗೀಸ್

ಮಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ರೈಲು ಹತ್ತಿ, ಕಾಟ್ಪಾಡಿಯಲ್ಲಿ ಇಳಿದು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಬಂದವರು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಬಹಳ ಮಂದಿ ಇದ್ದಾರೆ. ಹೃದಯ, ಮೂತ್ರಪಿಂಡ, ರಕ್ತದ ಕಾಯಿಲೆ ಎಂದು ಅಲ್ಲಿನ ವಿಭಾಗಗಳ ಹೆಸರು ಹಲವರಿಗೆ ಬಾಯಿಪಾಠವಾಗಿದೆ. ಆದರೆ ಪೇಟೆಯೊಳಗಿನ ಆ ದೊಡ್ಡ ಆಸ್ಪತ್ರೆಯಿಂದ ದೂರ, ಬಾಗಾಯಂ ಎಂಬಲ್ಲಿರುವ ಪುನಶ್ಚೇತನ ಸಂಸ್ಥೆಯ ವಿಷಯ ತಿಳಿದವರು ಕಡಿಮೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಬಲ ಕಳೆದುಕೊಂಡವರು, ಪಾರ್ಶ್ವವಾಯು ಬಡಿದವರು, ಕೈಕಾಲು ಕತ್ತರಿಸಲ್ಪಟ್ಟವರು ಅಲ್ಲಿಗೆ ಬರುತ್ತಾರೆ. ಆ ಸಂಸ್ಥೆಗೆ ಮೇರಿ ವರ್ಗೀಸ್ ಎಂಬ ವೈದ್ಯೆಯ ಹೆಸರಿದೆ. ಸ್ವತಃ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಈಕೆ, ತನಗೆ ಬೇಕಾಗಿದ್ದಾಗ ಈ ದೇಶದಲ್ಲಿ ಸಿಗದ ಒಬ್ಬ ತಜ್ಞ ವೈದ್ಯರ ಸ್ಥಾನವನ್ನು ಮುಂದೆ ತಾವೇ ತುಂಬಿದರು. ಅವರ ಜೀವನವನ್ನು ಇಲ್ಲಿ ಸ್ಮರಿಸಲು ನಾವು ಬಯಸುತ್ತೇವೆ.

ಮೇರಿ ಹುಟ್ಟಿದ್ದು 1925ರಲ್ಲಿ, ಕೊಚ್ಚಿ ಸಮೀಪದ ಚೆರಾಯಿ ಎಂಬ ಹಳ್ಳಿಯಲ್ಲಿ. ನಮ್ಮ ಊರುಗಳಂತೆಯೇ ತೆಂಗು, ಹಿನ್ನೀರು, ಸಮುದ್ರದ ಊರು ಅದು. ಮನೆತನ ಅನುಕೂಲಸ್ಥ ಸಿರಿಯನ್ ಕ್ರೈಸ್ತರದ್ದು. ತಂದೆ ಜಮೀನುದಾರರು, ಚರ್ಚಿನಲ್ಲಿಯೂ ಊರಿನಲ್ಲಿಯೂ ಮುಂದಾಳು. ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ಓದಿದ ಬಳಿಕ ಮೇರಿ ವೆಲ್ಲೂರಿಗೆ ಬಂದು ವೈದ್ಯಕೀಯ ಕಾಲೇಜು ಸೇರಿದರು. ಅಮೆರಿಕದ ಮಿಷನರಿ ವೈದ್ಯೆ ಡಾ. ಇಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಆ ಆಸ್ಪತ್ರೆ ಆಗಲೇ ದೊಡ್ಡದಾಗಿ ಬೆಳೆದಿತ್ತು. 1918ರಲ್ಲಿ ಮಹಿಳೆಯರಿಗೆಂದೇ ಶುರುವಾದ ಅದರ ವೈದ್ಯಕೀಯ ಶಾಲೆಗೆ 1947ರಿಂದ ಪುರುಷ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡರು. ಪದವಿ ಪಡೆದ ಮೇರಿ ಆರಿಸಿಕೊಂಡದ್ದು ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರವನ್ನು. ಹಳ್ಳಿಗಳಲ್ಲಿ ಹೆರಿಗೆಯಲ್ಲೇ ತಾಯಂದಿರು ತೀರಿಕೊಳ್ಳುತ್ತಿದ್ದ ಆ ಕಾಲದಲ್ಲಿ ಒಬ್ಬ ವೈದ್ಯೆ ಮಾಡಬಹುದಾದ ಸಹಜ ಆಯ್ಕೆ ಅದು.

1954ರ ಜನವರಿಯಲ್ಲಿ ಆ ದಾರಿ ಮುಚ್ಚಿತು. ಯುವ ವೈದ್ಯರ ಒಂದು ತಂಡ ರಜೆಯ ದಿನ ವಿಹಾರಕ್ಕೆಂದು ವಾಹನದಲ್ಲಿ ಹೊರಟಿತ್ತು. ದಾರಿಯಲ್ಲಿ ವಾಹನ ಅಪಘಾತಕ್ಕೀಡಾಯಿತು. ಮೇರಿಯವರ ಮುಖಕ್ಕೆ ತೀವ್ರ ಗಾಯವಾಯಿತು. ಅದರ ಕಲೆ ಜೀವಮಾನವಿಡೀ ಉಳಿಯಿತು. ಅದಕ್ಕಿಂತ ದೊಡ್ಡ ಹಾನಿ ಬೆನ್ನುಹುರಿಗೆ ಆಗಿತ್ತು. ಇಪ್ಪತ್ತೆಂಟು ವರ್ಷದ ವೈದ್ಯೆಗೆ ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ ಎಂಬ ಸ್ಥಿತಿ ಬಂತು.

ಬೆನ್ನುಹುರಿ ತುಂಡಾದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದು ತಿಳಿಯದೆ ಮೇರಿಯವರ ಮುಂದಿನ ಕೆಲಸದ ಬೆಲೆ ತಿಳಿಯುವುದಿಲ್ಲ. ಕಾಲು ನಡೆಯುವುದಿಲ್ಲ ಎಂಬುದು ಹೊರಗಿನವರಿಗೆ ಕಾಣುವ ಭಾಗ ಮಾತ್ರ. ಸ್ಪರ್ಶವಿಲ್ಲದ ಕಾರಣ ಒಂದೇ ಮಗ್ಗುಲಲ್ಲಿ ಮಲಗಿದ್ದರೆ ನೋವು ಗೊತ್ತಾಗುವುದಿಲ್ಲ. ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದ ಚರ್ಮಕ್ಕೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಹುಣ್ಣು ಶುರುವಾಗುತ್ತದೆ, ಅದು ಮೂಳೆಯವರೆಗೂ ಇಳಿಯಬಹುದು. ಮೂತ್ರಕೋಶ ತಾನಾಗಿ ಖಾಲಿಯಾಗುವುದಿಲ್ಲ. ಮೂತ್ರ ನಿಂತು, ಸೋಂಕು ತಗಲಿ, ಅದು ಮೂತ್ರಪಿಂಡಕ್ಕೆ ಏರುತ್ತದೆ. ಮಡಿಸಿದ ಮಂಡಿ ಮಡಿಸಿದಲ್ಲೇ ಗಟ್ಟಿಯಾಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಜನ ಬೇಗನೇ ಸತ್ತದ್ದು ಗುಂಡಿನಿಂದಲ್ಲ, ಹುಣ್ಣು ಮತ್ತು ಮೂತ್ರದ ಸೋಂಕಿನಿಂದ.

ಇದನ್ನು ಬದಲಾಯಿಸಿದವರಲ್ಲಿ ಪ್ರಮುಖರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ 1944ರಿಂದ ಕೆಲಸ ಮಾಡಿದ ಡಾ. ಲುಡ್ವಿಗ್ ಗುಟ್ಮನ್. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರವನ್ನು ಶುಚಿಯಾಗಿ ಹೊರತೆಗೆಯುವುದು, ಕೈಗಳ ಬಲ ಬೆಳೆಸುವುದು, ಆಟವಾಡಿಸುವುದು ಮುಂತಾದ ಸರಳವಾಗಿ ಕಾಣುವ ಕ್ರಮಗಳಿಂದಲೇ ಅವರು ಜೀವ ಉಳಿಸಿದರು. ಅಮೆರಿಕದಲ್ಲಿ ಡಾ. ಹೊವಾರ್ಡ್ ರಸ್ಕ್ ಯುದ್ಧದಲ್ಲಿ ಗಾಯಗೊಂಡವರ ನಡುವೆ ಇದೇ ದಾರಿ ಹಿಡಿದರು. 1947ರಲ್ಲಿ ಆ ದೇಶ ಇದನ್ನು ಪ್ರತ್ಯೇಕ ವೈದ್ಯಶಾಖೆಯಾಗಿ ಮಾನ್ಯ ಮಾಡಿತು. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್, ಚಿಕ್ಕದಾಗಿ ಪಿ.ಎಂ.ಆರ್. ಎಂದು ಅದರ ಹೆಸರು. ಕನ್ನಡದಲ್ಲಿ ಭೌತಿಕ ಚಿಕಿತ್ಸೆ ಮತ್ತು ಪುನಶ್ಚೇತನ ಎನ್ನುತ್ತಾರೆ. ನಮ್ಮ ದೇಶದಲ್ಲಿ ಮುಂಬಯಿಯ ಹಾಜಿ ಅಲಿಯ ಬಳಿ ಅಖಿಲ ಭಾರತ ಸಂಸ್ಥೆ ಶುರುವಾದದ್ದು 1955ರಲ್ಲಿ, ಅಂದರೆ ಮೇರಿಯವರ ಅಪಘಾತದ ಮರುವರ್ಷ. ಅವರು ಹಾಸಿಗೆ ಹಿಡಿದಾಗ ಸುತ್ತಮುತ್ತ ಒಳ್ಳೆಯ ಶಸ್ತ್ರವೈದ್ಯರಿದ್ದರು, ದಾದಿಯರಿದ್ದರು, ಪ್ರಾರ್ಥಿಸುವ ಗೆಳತಿಯರಿದ್ದರು. ಆದರೆ ನಡೆಯಲಾರದ ದೇಹದೊಂದಿಗೆ ಉಳಿದ ಆಯುಷ್ಯ ಬಾಳುವುದನ್ನು ಕಲಿಸುವ ತಜ್ಞ ವೈದ್ಯರು ಮಾತ್ರ ಇರಲಿಲ್ಲ.

ಆ ಕೊರತೆಯನ್ನು ಮೊದಲು ಅರ್ಧದಷ್ಟಾದರೂ ತುಂಬಿದವರು ಡಾ. ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ 1914ರಲ್ಲಿ ಹುಟ್ಟಿದ ಬ್ರಾಂಡ್ ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿಗೆ ಬಂದಿದ್ದರು. ಕುಷ್ಠರೋಗಿಗಳ ಬೆರಳುಗಳು ಉದುರುವುದು ರೋಗ ಮಾಂಸ ತಿನ್ನುವುದರಿಂದಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಅವರು ಪ್ರಮುಖರು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ ಮೇರಿಯ ಬಳಿಗೆ ಬಂದು, ವೈದ್ಯೆಯಾಗಿ ಮುಂದಿನ ಕೆಲಸ ಏನೆಂದು ಯೋಚಿಸುವ ಹೊತ್ತು ಬಂದಿದೆ ಎಂದು ಅವರು ಹೇಳಿದರು. ಇದು ಪರಿಹಾಸ್ಯವೆಂದೇ ಮೇರಿ ಮೊದಲು ಭಾವಿಸಿದರಂತೆ. ಹೆರಿಗೆ ಕೋಣೆಯಲ್ಲಿ ನಿಂತು ಕೆಲಸ ಮಾಡಲಾಗದು, ಅದು ಸರಿ. ಆದರೆ ಕೈಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಕುಳಿತೇ ಮಾಡುತ್ತಾರೆ. ಬ್ರಾಂಡ್ ಹಿಡಿದ ಎಳೆ ಇದು. ಮೇರಿಗೆ ಇನ್ನೂ ಎರಡು ಒಳ್ಳೆಯ ಕೈಗಳಿದ್ದವು.

ಕುಷ್ಠರೋಗದಿಂದ ಮೊಣಕೈ ಬಳಿಯ ನರ ಹಾಳಾದಾಗ ಬೆರಳುಗಳು ಹದ್ದಿನ ಉಗುರಿನಂತೆ ಒಳಗೆ ಬಾಗುತ್ತವೆ. ಅನ್ನ ಕಲಸಲಾಗದು, ಲೋಟ ಹಿಡಿಯಲಾಗದು, ಗುಂಡಿ ಹಾಕಲಾಗದು. ಇನ್ನೂ ಬಲವಿರುವ ಸ್ನಾಯುವಿನ ತುದಿಯ ಸ್ನಾಯುರಜ್ಜುವನ್ನು ಬಿಡಿಸಿ, ಸುರಂಗದಂತೆ ಚರ್ಮದಡಿಯಲ್ಲಿ ಸಾಗಿಸಿ, ಬೆರಳುಗಳಿಗೆ ಜೋಡಿಸುವುದು ಬ್ರಾಂಡ್ ತಂಡದ ವಿಧಾನ. ಆಮೇಲೆ ಕೆಲವು ವಾರ ಪ್ಲಾಸ್ಟರ್. ಅದು ಬಿಚ್ಚಿದ ಮೇಲೆ ನಿಜವಾದ ಕೆಲಸ, ಏಕೆಂದರೆ ಸ್ನಾಯುವಿಗೆ ಹೊಸ ಕೆಲಸವನ್ನು ಮೆದುಳು ಕಲಿಸಬೇಕು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಮೊದಲು ಸಹಾಯಕಿಯಾಗಿ, ನಂತರ ಸ್ವತಂತ್ರವಾಗಿ ಈ ಶಸ್ತ್ರಚಿಕಿತ್ಸೆಗಳನ್ನು ಕಲಿತು ಮಾಡಿದರು. ನಮ್ಮ ಕರಾವಳಿಗೂ ಕುಷ್ಠರೋಗಿಗಳ ಸೇವೆ ಹೊಸದಲ್ಲ. 1890ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರಿಗಾಗಿ ಆಸರೆ ತೆರೆದಿದ್ದರು. ಆದರೆ ಆಸರೆ ನೀಡುವುದರಿಂದ ಮುಂದೆ ಹೋಗಿ, ಬಾಗಿದ ಬೆರಳನ್ನು ಬಿಡಿಸಿ ರೋಗಿಯನ್ನು ದುಡಿಮೆಗೆ ಮರಳಿಸಬಹುದು ಎಂಬುದು ಬ್ರಾಂಡ್ ಮತ್ತು ಮೇರಿಯವರ ತಲೆಮಾರು ತಂದ ಬದಲಾವಣೆ.

ಬದುಕಿನ ಆಸೆಯನ್ನೇ ಬಿಟ್ಟಿದ್ದ ರೋಗಿಗಳು, ತಮ್ಮ ವಾರ್ಡಿನಲ್ಲಿ ಗಾಲಿಕುರ್ಚಿ ಉರುಳಿಸಿಕೊಂಡು ಬರುವ ಈ ವೈದ್ಯೆಯನ್ನು ಕಂಡು ಬದಲಾದರು ಎಂದು ಬ್ರಾಂಡ್ ನೆನಪಿಸಿಕೊಂಡಿದ್ದಾರೆ. ಅವರ ಕೈಗಳಿಗಿಂತ ವೈದ್ಯೆಯ ಕಾಲುಗಳು ಹೆಚ್ಚು ನಿರ್ಬಲವಾಗಿದ್ದವು. ಉಪದೇಶ ಬೇಕಾಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಮೇರಿ ವರ್ಗೀಸ್ ಒಬ್ಬ ಧೀರ ಮಹಿಳೆಯಾಗಿ ನೆನಪಿನಲ್ಲಿ ಉಳಿಯುತ್ತಿದ್ದರು, ಅಷ್ಟೇ. ಅವರ ಬಗ್ಗೆ ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕಷ್ಟವನ್ನು ನಗುತ್ತಾ ಸ್ವೀಕರಿಸಿದವರು, ದೇವರ ಚಿತ್ತಕ್ಕೆ ಶರಣಾದವರು ಎಂದು. ಅದು ಸುಳ್ಳಲ್ಲ. ಅವರ ವಿಶ್ವಾಸ ಗಾಢವಾಗಿತ್ತು. ಆದರೆ ನಮ್ಮ ಅಭಿಪ್ರಾಯದಲ್ಲಿ ಅವರ ಜೀವನದ ಹೆಚ್ಚು ಮುಖ್ಯ ಭಾಗ ಆಮೇಲೆ ಬರುತ್ತದೆ. ಶರಣಾದ ಅವರು ಸುಮ್ಮನೆ ಕೂರಲಿಲ್ಲ, ಕಲಿಯಲು ಹೊರಟರು.

ಮೊದಲು ಹೋದದ್ದು ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ. ಅಲ್ಲಿ ಡಾ. ಜಾರ್ಜ್ ಬೆಡ್‌ಬ್ರೂಕ್ 1954ರಲ್ಲಿ, ಅಂದರೆ ಮೇರಿಯವರಿಗೆ ಅಪಘಾತವಾದ ವರ್ಷವೇ, ಬೆನ್ನುಹುರಿ ಗಾಯಾಳುಗಳ ವಿಭಾಗವನ್ನು ಆರಂಭಿಸಿದ್ದರು. ಮೇರಿ ಅಲ್ಲಿ ರೋಗಿಯಾಗಿ ಸೇರಿದರು. ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಶೌಚಾಲಯಕ್ಕೆ, ಅಲ್ಲಿಂದ ಕಾರಿನ ಆಸನಕ್ಕೆ ಯಾರ ಸಹಾಯವೂ ಇಲ್ಲದೆ ದೇಹವನ್ನು ತೋಳುಬಲದಿಂದ ಎತ್ತಿ ಸಾಗಿಸುವುದು ಇಂಥ ತರಬೇತಿಯ ತಿರುಳು. ಕೇಳಲು ಇದು ಸಣ್ಣ ವಿಷಯ. ಆದರೆ ಬೆಳಗ್ಗೆ ಶೌಚಕ್ಕೆ ಹೋಗಲು ಇನ್ನೊಬ್ಬರು ಏಳುವವರೆಗೆ ಕಾಯಬೇಕಾದವರಿಗೂ ಕಾಯಬೇಕಿಲ್ಲದವರಿಗೂ ಇರುವ ವ್ಯತ್ಯಾಸ, ಮನೆಯಲ್ಲಿ ಅಂಥವರನ್ನು ನೋಡಿಕೊಂಡವರಿಗೆ ಗೊತ್ತು.

ಬಳಿಕ ಹೊವಾರ್ಡ್ ರಸ್ಕ್ ಅವರು ಸ್ಥಾಪಿಸಿದ್ದ ವರ್ಲ್ಡ್ ರಿಹ್ಯಾಬಿಲಿಟೇಶನ್ ಫಂಡ್‌ನ ನೆರವಿನಿಂದ ಮೇರಿ ನ್ಯೂಯಾರ್ಕಿಗೆ ಹೋದರು. ರಸ್ಕ್ ಅವರ ಸಂಸ್ಥೆಯಲ್ಲಿ ಈ ಸಲ ಅವರು ರೋಗಿಯಲ್ಲ, ತಜ್ಞೆಯಾಗಲು ತರಬೇತಿ ಪಡೆಯುವ ವೈದ್ಯೆ. ರೋಗ ವಾಸಿಯಾದ ಮೇಲೂ ವೈದ್ಯರ ಕೆಲಸ ಮುಗಿಯುವುದಿಲ್ಲ, ಆ ಮನುಷ್ಯ ಮನೆಗೆ, ದುಡಿಮೆಗೆ, ಸಮಾಜಕ್ಕೆ ಮರಳುವವರೆಗೂ ಅದು ಮುಂದುವರಿಯಬೇಕು ಎಂಬುದು ರಸ್ಕ್ ಅವರ ನಿಲುವು. ಕುಷ್ಠರೋಗಿಗಳ ಕೈಗೆ ದುಡಿಮೆ ಕೊಟ್ಟ ವೆಲ್ಲೂರಿನ ಅನುಭವವಿದ್ದ ಮೇರಿಗೆ ಇದು ಅಪರಿಚಿತ ಪಾಠವೇನಲ್ಲ.

ಶಸ್ತ್ರವೈದ್ಯೆಯಾಗಿ ಹೆಸರು ಬಂದಿದ್ದವರು ಅದನ್ನು ಬಿಟ್ಟು, ದೇಶದಲ್ಲಿ ಯಾರಿಗೂ ಅರ್ಥವಾಗದ ಒಂದು ವಿಭಾಗಕ್ಕೆ ಬಂದರು. 1963ರಲ್ಲಿ ವೆಲ್ಲೂರಿನಲ್ಲಿ ಈ ವಿಭಾಗದ ಹೊಣೆ ಹೊತ್ತರು. ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಮೊಟ್ಟಮೊದಲ ವಿಭಾಗಗಳ ಸಾಲಿಗೆ ಅದು ಸೇರುತ್ತದೆ. ಅದೇ ವರ್ಷ ಡೊರೊಥಿ ಕ್ಲಾರ್ಕ್ ವಿಲ್ಸನ್ ಬರೆದ ಅವರ ಜೀವನಚರಿತ್ರೆ ‘ಟೇಕ್ ಮೈ ಹ್ಯಾಂಡ್ಸ್’ ಪ್ರಕಟವಾಗಿ, ಚೆರಾಯಿಯ ಹುಡುಗಿ ಹೊರದೇಶಗಳಲ್ಲೂ ಪರಿಚಿತರಾದರು. ಮೂರು ವರ್ಷಗಳ ನಂತರ, 1966ರಲ್ಲಿ, ಬಾಗಾಯಂನಲ್ಲಿ ರೋಗಿಗಳು ಉಳಿದುಕೊಂಡು ತರಬೇತಿ ಪಡೆಯುವ ಸಂಸ್ಥೆ ಆರಂಭವಾಯಿತು. ಭಾರತ ಸರಕಾರ 1972ರಲ್ಲಿ ಅವರಿಗೆ ಪದ್ಮಶ್ರೀ ನೀಡಿತು.

ಆ ಸಂಸ್ಥೆಗೆ ಬರುತ್ತಿದ್ದವರು ಯಾರು ಎಂದು ನೋಡಿದರೆ ಕರಾವಳಿಯ ನಮಗೆ ಪರಿಚಿತ ಚಿತ್ರವೇ ಕಾಣುತ್ತದೆ. ಮರದಿಂದ ಬಿದ್ದವರು, ಬಾವಿಗೆ ಬಿದ್ದವರು, ರಸ್ತೆ ಅಪಘಾತದವರು, ಆ ಕಾಲದಲ್ಲಾದರೆ ಪೋಲಿಯೋದಿಂದ ಕಾಲು ಸೊರಗಿದ ಮಕ್ಕಳು. (ಪೋಲಿಯೋ ಈಗ ಇಲ್ಲ, 2014ರಲ್ಲಿ ನಮ್ಮ ದೇಶ ಅದರಿಂದ ಮುಕ್ತವೆಂದು ಘೋಷಿತವಾಯಿತು.) ಬಡವರೇ ಹೆಚ್ಚು, ಮನೆಯಲ್ಲಿ ದುಡಿಯುವ ಒಬ್ಬರೇ ಬಿದ್ದಿದ್ದಾರೆ, ಹಳ್ಳಿಮನೆಗೆ ಎತ್ತರದ ಹೊಸ್ತಿಲು, ಶೌಚಾಲಯವಿಲ್ಲ. ನ್ಯೂಯಾರ್ಕಿನ ಪಾಠವನ್ನು ಹಾಗೆಯೇ ತಂದು ಇಲ್ಲಿ ಒಪ್ಪಿಸಿದರೆ ಪ್ರಯೋಜನವಿರಲಿಲ್ಲ. ನೆಲದಲ್ಲಿ ಕುಳಿತು ಉಣ್ಣುವವರಿಗೆ, ಕೆಸರುದಾರಿಯಲ್ಲಿ ಸಾಗಬೇಕಾದವರಿಗೆ ತಕ್ಕಂತೆ ತರಬೇತಿ ಬೇಕಿತ್ತು. ಮನೆಯವರೊಬ್ಬರು ಜೊತೆಗಿದ್ದು ಮಗ್ಗುಲು ಬದಲಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿತು ಹೋಗುವುದು ವೆಲ್ಲೂರಿನ ಕ್ರಮವಾಯಿತು. ಹಳೆಯ ರೋಗಿಗಳು ಒಟ್ಟುಸೇರುವ ರಿಹ್ಯಾಬ್ ಮೇಳ ಎಂಬ ವಾರ್ಷಿಕ ಕೂಟವೂ ಆ ಸಂಸ್ಥೆಯ ಸಂಪ್ರದಾಯ. ಬಂದವರು ಹಾಡುತ್ತಾರೆ, ಆಡುತ್ತಾರೆ, ಜೊತೆಗೆ ವೈದ್ಯರ ತಪಾಸಣೆಯೂ ಆಗುತ್ತದೆ.

ಪಿ.ಎಂ.ಆರ್. ತಜ್ಞರೆಂದರೆ ಫಿಸಿಯೋಥೆರಪಿಸ್ಟರಲ್ಲವೇ ಎಂದು ನಮ್ಮ ಧರ್ಮಕೇಂದ್ರಗಳಲ್ಲಿ ಕೇಳುವವರಿದ್ದಾರೆ. ಅಲ್ಲ. ಫಿಸಿಯೋಥೆರಪಿಸ್ಟರು ವ್ಯಾಯಾಮ ಮತ್ತು ಚಲನೆಯ ತರಬೇತಿ ನೀಡುತ್ತಾರೆ, ಅವರಿಲ್ಲದೆ ಈ ಕೆಲಸ ನಡೆಯದು. ಪಿ.ಎಂ.ಆರ್. ತಜ್ಞರು ಎಂ.ಬಿ.ಬಿ.ಎಸ್. ಮುಗಿಸಿ ಈ ಶಾಖೆಯಲ್ಲೇ ಎಂ.ಡಿ. ಅಥವಾ ಡಿ.ಎನ್.ಬಿ. ಮಾಡಿದ ವೈದ್ಯರು. ಮೂತ್ರಕೋಶ, ಹುಣ್ಣು, ಸ್ನಾಯುಗಳ ಸೆಳೆತ, ನೋವು, ಕ್ಯಾಲಿಪರ್, ಕೃತಕ ಕಾಲು, ಗಾಲಿಕುರ್ಚಿ ಎಲ್ಲವನ್ನೂ ಒಟ್ಟಾಗಿ ನೋಡಿ, ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ, ಸಮಾಜಸೇವೆಯವರನ್ನು ಒಂದು ತಂಡವಾಗಿ ನಡೆಸುವವರು. ಮೇರಿ ವರ್ಗೀಸ್ ಅವರ ಕಾಲದಲ್ಲಿ ಇಂಥವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಇಂದಿಗೂ ಹೇರಳವಾಗಿಲ್ಲ, ಆದರೆ ಹುಡುಕಿದರೆ ಸಿಗುತ್ತಾರೆ. ವೆಲ್ಲೂರಲ್ಲದೆ, ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ವಿಭಾಗವಿದೆ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಬೇರೆ ವಿಭಾಗವೇ ಇದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ: ಅಡಿಕೆ ಮರದಿಂದ ಬಿದ್ದವನಿಗೆ ಶಸ್ತ್ರಚಿಕಿತ್ಸೆ ಆಗುತ್ತದೆ, ಹೊಲಿಗೆ ಬಿಚ್ಚುತ್ತಾರೆ, ಮನೆಗೆ ಕಳುಹಿಸುತ್ತಾರೆ. ವಾಳೆಯವರು ಹೋಗುತ್ತಾರೆ, ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಅಕ್ಕಿ ಕೊಡುತ್ತಾರೆ, ಧರ್ಮಗುರುಗಳು ಪರಮಪ್ರಸಾದ ಒಯ್ಯುತ್ತಾರೆ. ಎಲ್ಲವೂ ಒಳ್ಳೆಯದೇ. ಆದರೆ ಮೂರು ತಿಂಗಳ ಬಳಿಕ ಬೆನ್ನಲ್ಲಿ ಹುಣ್ಣು, ಜ್ವರ. ಆ ಮನೆಗೆ ಮೊದಲ ವಾರವೇ ಹೋದವರಲ್ಲಿ ಒಬ್ಬರು, ಆಸ್ಪತ್ರೆ ಬಿಡುವ ಮೊದಲು ಪಿ.ಎಂ.ಆರ್. ವೈದ್ಯರಿಗೆ ತೋರಿಸಿದಿರಾ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೀರಾ, ಮೂತ್ರಕ್ಕೆ ಏನು ವ್ಯವಸ್ಥೆ ಎಂದು ಕೇಳಿದ್ದರೆ ಆ ಹುಣ್ಣನ್ನು ತಡೆಯಬಹುದಿತ್ತು. ಈ ಪ್ರಶ್ನೆಗಳನ್ನು ಕೇಳಲು ವೈದ್ಯರೇ ಆಗಬೇಕಿಲ್ಲ. ಪಾರ್ಶ್ವವಾಯುವಿನ ರೋಗಿಗಳಿಗೂ ಇದು ಅನ್ವಯಿಸುತ್ತದೆ, ಅವರಲ್ಲಿ ಮೊದಲ ಕೆಲವು ತಿಂಗಳು ಬಹಳ ಬೆಲೆಯುಳ್ಳವು. ವರ್ಷ ಕಳೆದಿದ್ದರೂ ಹೋಗಬಾರದೆಂದಿಲ್ಲ. ಗಟ್ಟಿಯಾದ ಕೀಲು ಸ್ವಲ್ಪವಾದರೂ ಸಡಿಲವಾಗಬಹುದು, ಸರಿಯಾದ ಗಾಲಿಕುರ್ಚಿ ಸಿಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ ಸೌಲಭ್ಯಗಳಿಗೆ ಬೇಕಾದ ಪ್ರಮಾಣಪತ್ರದ ಬಗ್ಗೆಯೂ ಈ ವೈದ್ಯರಿಂದ ಮಾರ್ಗದರ್ಶನ ಸಿಗುತ್ತದೆ.

ಒಂದು ಮಾತನ್ನು ಬಿಚ್ಚಿ ಹೇಳಬೇಕು. ಪುನಶ್ಚೇತನ ಎಂದರೆ ಮತ್ತೆ ನಡೆಯುವಂತೆ ಮಾಡುವುದು ಎಂದು ಮನೆಯವರು ಆಸೆಪಡುತ್ತಾರೆ. ನಡೆಸುತ್ತೇವೆಂದು ಮಾತು ಕೊಡುವವರ ಹಿಂದೆ ಎಣ್ಣೆ, ಕಷಾಯ, ಹರಕೆ ಎಂದು ಹಣವನ್ನೂ ವರ್ಷಗಳನ್ನೂ ಕಳೆಯುತ್ತಾರೆ. ಮೇರಿ ವರ್ಗೀಸ್ ಮತ್ತೆ ಮೊದಲಿನಂತೆ ನಡೆಯಲಿಲ್ಲ. ಅವರ ಬೆನ್ನುಹುರಿ ಕೂಡಲಿಲ್ಲ. ಅಪಘಾತದ ನಂತರದ ಮೂವತ್ತೆರಡು ವರ್ಷಗಳ ಎಲ್ಲ ಕೆಲಸವನ್ನೂ ಅವರು ಮಾಡಿದ್ದು ಅದೇ ದೇಹದಿಂದ. ತಮ್ಮ ಮುಂದೆ ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆಯಿಂದ, ಕಾಲು ಬರುವುದಿಲ್ಲ ಆದರೆ ಕೆಲಸ ಬರುತ್ತದೆ ಎಂಬ ಸತ್ಯವನ್ನು ಕೇಳುವುದು ರೋಗಿಗೆ ಎಷ್ಟೋ ಸುಲಭವಾಗಿದ್ದಿರಬೇಕು. ಬೇರೆ ಯಾರು ಹೇಳಿದ್ದರೂ ಅದು ಕ್ರೂರವೆನಿಸುತ್ತಿತ್ತು.

ಡಾ. ಮೇರಿ ವರ್ಗೀಸ್ 1986ರಲ್ಲಿ ನಿಧನರಾದರು. ಬಾಗಾಯಂನ ಸಂಸ್ಥೆಗೆ ಅವರ ಹೆಸರಿಡಲಾಗಿದೆ. ಅವರದೇ ಹೆಸರಿನ ಒಂದು ಟ್ರಸ್ಟ್ ಕೂಡ ವೆಲ್ಲೂರಿನಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುತ್ತಿದೆ. ಕಾಟ್ಪಾಡಿ ನಿಲ್ದಾಣದಲ್ಲಿ ಇಳಿದವರು ಪೇಟೆಯ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಬಾಗಾಯಂಗೆ ದಾರಿ ತೋರಿಸುತ್ತಾರೆ. ಹೋಗುವಾಗ ಹಳೆಯ ಎಲ್ಲ ಡಿಸ್ಚಾರ್ಜ್ ಪತ್ರಗಳು, ಸ್ಕ್ಯಾನ್‌ಗಳು ಜೊತೆಗಿರಲಿ. ರೋಗಿಯೊಂದಿಗೆ ಉಳಿದು ಕಲಿಯಬಲ್ಲ ಮನೆಯವರೊಬ್ಬರೂ ಹೋಗಬೇಕು.